ಹಲ್ಲಿನ ಡಾಕ್ಟರ ಪಕ್ಕದ ಸ್ಟೂಲ್: ಅಸಿಸ್ಟೆಂಟ್ ಆಗಲು ಏನು ಕಲಿಯಬೇಕು?

ಪ್ರಶ್ನೆ: ನಾನು ಅಂಕೋಲಾ ಹತ್ತಿರದ ಹಳ್ಳಿಯವಳು. ಪಿಯುಸಿ ಆರ್ಟ್ಸ್ ಮುಗಿಸಿ ಎರಡು ವರ್ಷ ಆಯಿತು. ಹಲ್ಲಿನ ಡಾಕ್ಟರ ಹತ್ತಿರ ಅಸಿಸ್ಟೆಂಟ್ ಆಗಬೇಕು ಅಂತ ಆಸೆ. ಒಂದು ಕಡೆ ಆರು ತಿಂಗಳ ಕೋರ್ಸ್ ಇದೆ. ಅದನ್ನು ಮುಗಿಸಿದರೆ ಹಲ್ಲು ಕ್ಲೀನ್ ಮಾಡುವ ಕೆಲಸವನ್ನೂ ನೀವೇ ಮಾಡಬಹುದು ಅನ್ನುತ್ತಾರೆ. ಫೀ ಕಟ್ಟಲಾ? ಸೈನ್ಸ್ ಓದದವಳಿಗೆ ಇದು ಆಗುತ್ತದಾ? ಇನ್ನೊಂದು ಭಯ. ರಕ್ತ ನೋಡಿದರೆ ನನಗೆ ತಲೆ ತಿರುಗುತ್ತದೆ.

ಉತ್ತರ: ಸದ್ಯಕ್ಕೆ ಫೀ ಕಟ್ಟಬೇಡಿ. ಹಲ್ಲು ಕ್ಲೀನ್ ಮಾಡಬಹುದು ಎಂದು ಅವರು ಹೇಳಿದ ಆ ಒಂದು ಮಾತೇ ಸಾಕು, ಅನುಮಾನ ಪಡಲು. 1948ರ ದಂತ ವೈದ್ಯರ ಕಾಯ್ದೆಯಲ್ಲೇ ಈ ಕೆಲಸಗಳಿಗೆ ಗೆರೆ ಎಳೆದಿದ್ದಾರೆ. ಹಲ್ಲಿನ ಕಿಟ್ಟ ತೆಗೆದು ಪಾಲಿಶ್ ಮಾಡುವವರು ಡೆಂಟಲ್ ಹೈಜೀನಿಸ್ಟ್. ಹಲ್ಲಿನ ಸೆಟ್ಟು ಮಾಡುವವರು, ರಿಪೇರಿ ಮಾಡುವವರು ಡೆಂಟಲ್ ಮೆಕ್ಯಾನಿಕ್. ಇವೆರಡೂ 2 ವರ್ಷದ ಕೋರ್ಸ್, ಮುಗಿದ ಮೇಲೆ ನೋಂದಣಿ ಬೇಕು. ಅಸಿಸ್ಟೆಂಟ್ ಕೆಲಸ ಬೇರೆ. ಅಸಿಸ್ಟೆಂಟ್ ರೋಗಿಯ ಬಾಯಲ್ಲಿ ಸಕ್ಷನ್, ಅಂದರೆ ಎಂಜಲು ನೀರು ಎಳೆಯುವ ಕೊಳವೆ, ಹಿಡಿಯಬಹುದು. ಕಿಟ್ಟ ತೆಗೆಯುವ ಸ್ಕೇಲರ್ ಹಿಡಿಯುವಂತಿಲ್ಲ. ಈ ವ್ಯತ್ಯಾಸ ಹೇಳದೆ ಫೀ ಕೇಳುವವರಿಂದ ದೂರ ಇರಿ.

ಆರ್ಟ್ಸ್ ಓದಿದ್ದು ಅಡ್ಡಿಯಲ್ಲ. ನಮ್ಮ ಕಡೆಯ ಕ್ಲಿನಿಕ್‌ಗಳಲ್ಲಿ ಇರುವ ಒಳ್ಳೆಯ ಅಸಿಸ್ಟೆಂಟರಲ್ಲಿ ಎಷ್ಟೋ ಜನ ಕೆಲಸ ಮಾಡುತ್ತಲೇ ಕಲಿತವರು. ಕೋರ್ಸ್ ಮಾಡಲೇಬೇಕು ಅಂತಿದ್ದರೆ ದಂತ ಕಾಲೇಜಿನಲ್ಲಿ ವಿಚಾರಿಸಿ. ನಮ್ಮ ಜಿಲ್ಲೆಯಲ್ಲಿ ದಂತ ಕಾಲೇಜು ಇಲ್ಲ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಇದೆ, ದಕ್ಷಿಣಕ್ಕೆ ಮಣಿಪಾಲ, ಮಂಗಳೂರು. ಕಾರವಾರದ ಕಡೆಯವರಿಗೆ ಗೋವಾದ ಬಾಂಬೋಳಿಯೂ ಹತ್ತಿರವೇ. 'ಡೆಂಟಲ್ ಆಪರೇಟಿಂಗ್ ರೂಮ್ ಅಸಿಸ್ಟೆಂಟ್' ಕೋರ್ಸ್ ಈ ವರ್ಷ ಇದೆಯಾ, ಎಷ್ಟು ದಿನ ನಿಜವಾದ ರೋಗಿಗಳ ಜೊತೆ ಕೆಲಸ ಇರುತ್ತದೆ ಅಂತ ನೇರವಾಗಿ ಕೇಳಿ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಕೂಡ ಡೆಂಟಲ್ ಅಸಿಸ್ಟೆಂಟ್ ಕೆಲಸಕ್ಕೆ ಪಠ್ಯ ಮಾಡಿಟ್ಟಿದೆ. ಬರೀ ನೋಟ್ಸ್ ಕೊಟ್ಟು ಸರ್ಟಿಫಿಕೇಟ್ ಕೊಡುವ ಕಡೆ ಮಾತ್ರ ಹೋಗಬೇಡಿ. ಈ ಕೆಲಸ ಕೈಗೆ ಬರಬೇಕಾದದ್ದು.

ಏನು ಕಲಿಯಬೇಕು ಅಂತ ಕೇಳಿದರೆ ನಾನು ಮೊದಲು ಹೇಳುವುದು ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಉಪಕರಣಗಳ ಕ್ರಿಮಿ ಕೊಲ್ಲುವ ಯಂತ್ರ. ಕುರ್ಚಿಯ ಪಕ್ಕ ಕೂರುವುದು ಆಮೇಲೆ. ಒಬ್ಬರ ಬಾಯಿಂದ ತೆಗೆದ ಉಪಕರಣವನ್ನು ಮೊದಲು ದಪ್ಪ ಗ್ಲೌಸ್ ಹಾಕಿ ತೊಳೆಯಬೇಕು. ರಕ್ತ ಒಣಗಿ ಅಂಟಿದ್ದರೆ ಒಳಗಿನ ಕ್ರಿಮಿಗೆ ಹಬೆ ಮುಟ್ಟುವುದಿಲ್ಲ. ಒಣಗಿಸಿ, ಇಕ್ಕಳದಂಥವನ್ನು ಬಾಯಿ ತೆರೆದಿಟ್ಟು, ಕಾಗದದ ಪೌಚ್‌ಗೆ ಹಾಕಿ ಸೀಲ್ ಮಾಡಬೇಕು. ಸಾದಾ ಆಟೋಕ್ಲೇವ್ ಆದರೆ ಪೌಚ್‌ನಲ್ಲಿದ್ದ ಸಾಮಾನಿಗೆ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ. ಆ ಲೆಕ್ಕ ಸ್ವಿಚ್ ಹಾಕಿದಾಗ ಶುರುವಾಗುವುದಿಲ್ಲ, ಒಳಗೆ ಅಷ್ಟು ಶಾಖ ಮುಟ್ಟಿದ ಮೇಲೆ ಶುರು. ಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಡಬ್ಬಿಗಳನ್ನು ಒತ್ತೊತ್ತಾಗಿ ತುರುಕಿದರೆ ನಡುವಿನ ಅನ್ನ ಬೇಯುವುದಿಲ್ಲ ಅಲ್ವಾ? ಇಲ್ಲಿಯೂ ಹಾಗೇ. ಮಳೆಗಾಲದಲ್ಲಿ ನಮ್ಮ ಶಿರಸಿಯಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. 20ನೇ ನಿಮಿಷಕ್ಕೆ ಹೋಯಿತೋ, ಬಂದ ಮೇಲೆ ಉಳಿದ 10 ನಿಮಿಷ ಓಡಿಸಿದರೆ ನಡೆಯುವುದಿಲ್ಲ. ಮತ್ತೆ ಮೊದಲಿಂದ. ಹೊರಗೆ ಹತ್ತು ಜನ ಕಾಯುತ್ತಿದ್ದರೂ ಮೊದಲಿಂದಲೇ. ಪೌಚ್ ಒದ್ದೆ ಇದ್ದರೆ ಅದೂ ಲೆಕ್ಕಕ್ಕಿಲ್ಲ. ಒದ್ದೆ ಕಾಗದದ ಮೂಲಕ ಕ್ರಿಮಿ ಮತ್ತೆ ಒಳಗೆ ಹೋಗುತ್ತದೆ.

ಪೌಚ್ ಮೇಲಿನ ಪಟ್ಟಿಯ ಬಣ್ಣ ಬದಲಾಯಿತು, ಮುಗೀತು ಅಂದುಕೊಳ್ಳಬೇಡಿ. ಬಣ್ಣ ಬದಲಾಗದಿದ್ದರೆ ಆ ಪೌಚ್ ಬಳಸುವಂತೆಯೇ ಇಲ್ಲ. ಬದಲಾದರೂ ಅದು ಆಟೋಕ್ಲೇವ್ ಒಳಗೆ ಹೋಗಿ ಬಂತು ಅಂತ ಮಾತ್ರ ಗೊತ್ತಾಗುತ್ತದೆ. ಕ್ರಿಮಿ ನಿಜಕ್ಕೂ ಸಾಯುತ್ತಿದೆಯಾ ಅಂತ ತಿಳಿಯಲು ಸ್ಪೋರ್ ಟೆಸ್ಟ್ ಬೇಕು, ಅಂದರೆ ಸುಲಭಕ್ಕೆ ಸಾಯದ ಕ್ರಿಮಿಯನ್ನು ಒಳಗಿಟ್ಟು ಅದು ಸತ್ತಿತಾ ಅಂತ ನೋಡುವ ಪರೀಕ್ಷೆ.

ಇನ್ನು ಸೂಜಿ. ನಾನು ಡಾಕ್ಟರ್ ಆದ ಹೊಸತರಲ್ಲಿ ಕೆಲಸ ಮಾಡುತ್ತಿದ್ದ ಒಂದು ಕ್ಲಿನಿಕ್‌ನಲ್ಲಿ ನಿಮ್ಮದೇ ವಯಸ್ಸಿನ ಹುಡುಗಿಯೊಬ್ಬಳಿದ್ದಳು. ಬಳಸಿದ ಸೂಜಿಗೆ ಎರಡೂ ಕೈಯಿಂದ ಕ್ಯಾಪ್ ಹಾಕಲು ಹೋಗಿ ಹೆಬ್ಬೆರಳಿಗೆ ಚುಚ್ಚಿಕೊಂಡಳು. ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೆರಳು ಹಿಂಡಿ, ಸ್ಪಿರಿಟ್ ಹಚ್ಚಿ, ಯಾರಿಗೂ ಹೇಳದೆ ಕೆಲಸ ಮುಂದುವರಿಸಿದಳು. ಗೊತ್ತಾಗಿದ್ದು ವಾರದ ಮೇಲೆ. ಆಮೇಲೆ ತಿಂಗಳುಗಟ್ಟಲೆ ರಕ್ತ ಪರೀಕ್ಷೆ. ಪ್ರತಿ ರಿಪೋರ್ಟಿಗೆ ಮೊದಲಿನ ರಾತ್ರಿ ಅವಳಿಗೆ ನಿದ್ದೆ ಇಲ್ಲ. ಕೊನೆಗೆ ಏನೂ ಆಗಲಿಲ್ಲ, ಆದರೆ ಆ ಮುಖ ನನಗೆ ಮರೆತಿಲ್ಲ. ಅದಕ್ಕೇ ಹೇಳುತ್ತೇನೆ: ಕ್ಯಾಪ್ ಹಾಕಲೇಬೇಕಾದರೆ ಅದನ್ನು ಟ್ರೇಯಲ್ಲಿಟ್ಟು, ಒಂದೇ ಕೈಯಲ್ಲಿ ಸೂಜಿಯಿಂದ ಅದನ್ನು ಎತ್ತಿಕೊಳ್ಳಬೇಕು. ಚುಚ್ಚಿದರೆ ಹಿಂಡಬಾರದು. ಸೋಪು ನೀರಲ್ಲಿ ತೊಳೆದು ಕೂಡಲೇ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದರೆ ಆದಷ್ಟು ಬೇಗ ಶುರು ಮಾಡಬೇಕು, 72 ಗಂಟೆ ದಾಟಬಾರದು. ಹೆಪಟೈಟಿಸ್ ಬಿ ಅನ್ನುವ ಯಕೃತ್ತಿನ ಸೋಂಕೂ ಹೀಗೆ ರಕ್ತದಿಂದ ಹರಡುತ್ತದೆ, ಅದರ ಲಸಿಕೆ ಈಗಲೇ ಶುರು ಮಾಡಿ. ಮೊದಲ ಡೋಸ್ ಆಗಿ 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ಕೋರ್ಸ್ ಫೀಗಿಂತ ಮೊದಲು ಈ ಖರ್ಚು ಮಾಡಿ.

ಕಸದ ಬಣ್ಣಗಳು ಒಂದು ದಿನದಲ್ಲಿ ಬಾಯಿಗೆ ಬರುತ್ತವೆ. ರಕ್ತದ ಹತ್ತಿ ಹಳದಿಗೆ, ಗ್ಲೌಸ್ ಮತ್ತು ಸಕ್ಷನ್ ಟಿಪ್ ಕೆಂಪಿಗೆ, ಸೂಜಿ ಬ್ಲೇಡು ಬಿಳಿ ಗಟ್ಟಿ ಡಬ್ಬಿಗೆ, ಗಾಜು ನೀಲಿಗೆ. ಹಲ್ಲಿನ ನಂಬರು ಕಲಿಯಲು ಒಂದು ವಾರ ಸಾಕು. 'ಮೂರು ಆರು' ಅಂದರೆ ರೋಗಿಯ ಎಡಗಡೆ ಕೆಳಗಿನ ಮೊದಲ ದವಡೆ ಹಲ್ಲು. ಅದನ್ನು ಮೂವತ್ತಾರು ಅಂತ ಓದಬೇಡಿ, ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಅಂತ ಹೇಳುತ್ತದೆ.

ಬಾಯಿಯ ಅಚ್ಚು ತೆಗೆಯುವ ಆಲ್ಜಿನೇಟ್ ಕಲಸಲು ಮಾತ್ರ ತಿಂಗಳಾದರೂ ಬೇಕು. ಅದು ಕಡಲ ಪಾಚಿಯಿಂದ ಬರುವ ಪುಡಿ, ಕರಾವಳಿಯವರಿಗೆ ನೆಂಟಸ್ತಿಕೆ ಇದ್ದದ್ದೇ. ಮೇ ತಿಂಗಳ ಅಂಕೋಲಾದಲ್ಲಿ ಟ್ಯಾಂಕಿನ ನೀರು ಹಾಕಿದರೆ ಬಾಯಿಗೆ ಹೋಗುವ ಮೊದಲೇ ಬಟ್ಟಲಲ್ಲೇ ಗಟ್ಟಿಯಾಗುತ್ತದೆ. ತಣ್ಣೀರು ಬೇಕು. ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ, ಗಂಟಿಲ್ಲದಂತೆ, ಹೆಚ್ಚೆಂದರೆ ಒಂದು ನಿಮಿಷ. ಕುರ್ಚಿಯ ಪಕ್ಕದ ಕೆಲಸವೂ ಹೀಗೇ ನಿಧಾನಕ್ಕೆ ಬರುತ್ತದೆ. ಸಕ್ಷನ್ ತುದಿ ನಾಲಿಗೆಯ ಬುಡಕ್ಕೆ ತಾಗಿದರೆ ಓಕರಿಕೆ. ಉಪಕರಣವನ್ನು ಗಲ್ಲದ ಕೆಳಗಿನಿಂದ ದಾಟಿಸಬೇಕು, ರೋಗಿಯ ಕಣ್ಣ ಮೇಲಿಂದ ಯಾವತ್ತೂ ಅಲ್ಲ.

ನಿಮ್ಮ ಹತ್ತಿರ ಆಗಲೇ ಇರುವ ಒಂದು ವಿದ್ಯೆ ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ. ನಮ್ಮ ಜನರ ಮಾತು. ಕೊಂಕಣಿ ಆಡುವ ಅಜ್ಜಿ, ಹಾಲಕ್ಕಿ ಅಮ್ಮ, ಘಟ್ಟದ ಮೇಲಿನ ಕವಳ (ಎಲೆ ಅಡಿಕೆ) ಹಾಕುವ ಅಜ್ಜ, ಇವರೆಲ್ಲ ಡಾಕ್ಟರಿಗೆ ಹೇಳದ್ದನ್ನು ನಿಮಗೆ ಹೇಳುತ್ತಾರೆ. 'ಖಾರ ತಿಂದರೆ ಬಾಯಿ ಉರಿ, ಬಾಯಿ ಪೂರ್ತಿ ತೆರೆಯಲಿಕ್ಕಾಗುವುದಿಲ್ಲ' ಅಂತ ಯಾರಾದರೂ ಸುಮ್ನೆ ಮಾತಿಗೆ ಹೇಳಿದರೂ ಡಾಕ್ಟರ ಕಿವಿಗೆ ಹಾಕಿ. ಅಡಿಕೆ ಅಗಿಯುವವರ ಬಾಯಿಯ ಒಳಗಿನ ಚರ್ಮ ಬಿಗಿಯುವ ಕಾಯಿಲೆ ಹೀಗೇ ಶುರುವಾಗುತ್ತದೆ. ಅದು ಕ್ಯಾನ್ಸರ್‌ಗೆ ತಿರುಗುವುದೂ ಉಂಟು.

ರಕ್ತದ ಭಯಕ್ಕೆ ನಾಚಬೇಡಿ. ನನಗೂ ಮೊದಲ ವರ್ಷ ಹಲ್ಲು ಕೀಳುವುದನ್ನು ನೋಡುವಾಗ ಕಣ್ಣು ಕತ್ತಲೆ ಬಂದಿತ್ತು. ಬರಿ ಹೊಟ್ಟೆಯಲ್ಲಿ ನಿಲ್ಲಬೇಡಿ, ಮಂಡಿ ಬಿಗಿಹಿಡಿದು ನಿಲ್ಲಬೇಡಿ. ತಲೆ ಹಗುರ ಅನ್ನಿಸಿದ ಕೂಡಲೇ ಹೇಳಿ ಕೂತುಬಿಡಿ. ಹೆಚ್ಚಿನವರಿಗೆ ನೋಡುತ್ತಾ ನೋಡುತ್ತಾ ಅಭ್ಯಾಸ ಆಗುತ್ತದೆ.

ಆಗುತ್ತದೋ ಇಲ್ಲವೋ ತಿಳಿಯಲು ಒಂದೇ ದಾರಿ. ಅಂಕೋಲಾದಲ್ಲೋ ಕಾರವಾರದಲ್ಲೋ ನಿಮಗೆ ಗೊತ್ತಿರುವ ದಂತ ವೈದ್ಯರನ್ನು ಕೇಳಿ, ಹದಿನೈದು ದಿನ ಬರೀ ನೋಡಲು ಹೋಗಿ. ಸಂಬಳದ ಮಾತು ಆಮೇಲೆ. ಮೊದಲ ದಿನವೇ ಅವರ ಆಟೋಕ್ಲೇವ್ ತೋರಿಸಿ ಅಂತ ಕೇಳಿ. ಖುಷಿಯಿಂದ ತೋರಿಸಿದರೆ ಅಲ್ಲೇ ಕಲಿಯಿರಿ. ಹೋಗುವಾಗ ಉಗುರು ಕತ್ತರಿಸಿಕೊಂಡು ಹೋಗಿ, ಬಳೆ ಉಂಗುರ ಮನೆಯಲ್ಲೇ ಬಿಚ್ಚಿಡಿ.