ಮಂಡ್ಯದ ಮಕ್ಕಳಿಗೆ ಇಂಗ್ಲಿಷ್ ಸಿನಿಮಾ ತೋರಿಸುವಾಗ ಸಬ್‌ಟೈಟಲ್ ಕನ್ನಡದಲ್ಲಿರಬೇಕೋ, ಇಂಗ್ಲಿಷಿನಲ್ಲೋ?

ಇಂಗ್ಲಿಷಿನಲ್ಲೇ ಇರಲಿ. ಕನ್ನಡದ ಸಾಲು ಕಂಡರೆ ಕಥೆ ತಿಳಿಯುತ್ತದೆ, ಆದರೆ ಕಿವಿಗೆ ಕೆಲಸವೇ ಉಳಿಯುವುದಿಲ್ಲ.

ಮಂಡ್ಯದಲ್ಲಿ ನಾವು ‘ಎಲ್ಲಿಗೆ ಹೋಗುತ್ತಿದ್ದೀಯ’ ಎಂಬುದನ್ನು ‘ಎಲ್ಲಿಗೋಯ್ತಿದ್ದೀಯ’ ಅನ್ನುತ್ತೇವಲ್ಲ, ಹಾಗೆ ಇಂಗ್ಲಿಷ್ ಮಾತಿನಲ್ಲೂ ಪದಗಳು ಒಂದಕ್ಕೊಂದು ಅಂಟಿ ಸವೆಯುತ್ತವೆ. ಪುಸ್ತಕದಲ್ಲಿ ಓದಿ ಬಲ್ಲ ಪದವೇ ಕಿವಿಗೆ ಬಿದ್ದಾಗ ಗುರುತು ಸಿಗದು. ಅದೇ ಕ್ಷಣ ಅದು ತೆರೆಯ ಮೇಲೂ ಕಂಡರೆ ಸದ್ದಿಗೂ ಅಕ್ಷರಕ್ಕೂ ನಂಟು ಬೀಳುತ್ತದೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರಿಚಯವಿಲ್ಲದ ಧಾಟಿಯ ಇಂಗ್ಲಿಷ್ ಕೇಳಿದ ಡಚ್ ಭಾಷಿಕರಿಗೆ ಇಂಗ್ಲಿಷ್ ಸಬ್‌ಟೈಟಲ್ ನೆರವಾಯಿತು. ಹೊಸ ಮಾತುಗಳನ್ನು ಗುರುತಿಸಲು ಡಚ್ ಸಬ್‌ಟೈಟಲ್ ಅಡ್ಡಿಯೇ ಆಯಿತು.

ಇಡೀ ಸಿನಿಮಾ ಬೇಡ, ಮೂರು ನಿಮಿಷದ ದೃಶ್ಯ ಸಾಕು. ಕಥೆಯನ್ನು ಮೊದಲು ಕನ್ನಡದಲ್ಲೇ ಹೇಳಿಬಿಡಿ. ಇಂಗ್ಲಿಷ್ ಓದಲು ಇನ್ನೂ ತಡವರಿಸುವ ಸಣ್ಣ ತರಗತಿಯವರಿಗೆ ಮಾತ್ರ ಈ ದಾರಿ ಒಗ್ಗುವುದಿಲ್ಲ.