ಇಲ್ಲೇ ಹುಟ್ಟಿದರೂ ನಿರಾಶ್ರಿತರೇ?

ಪ್ರಶ್ನೆ: ಪ್ರತಿ ಚಳಿಗಾಲ ಬೆಂಗಳೂರಿನಲ್ಲಿ ಟಿಬೆಟಿಯನ್ನರ ಹತ್ತಿರ ಸ್ವೆಟರ್ ಕೊಳ್ಳುತ್ತೇನೆ. ಈ ಸಲ ಮಾತಿಗೆ ಸಿಕ್ಕ ಹುಡುಗಿ ಹುಟ್ಟಿದ್ದು ಬೈಲುಕುಪ್ಪೆಯಲ್ಲಂತೆ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಆದರೂ ನಿರಾಶ್ರಿತಳಂತೆ! ಇದಕ್ಕೆ ಕೊನೆಯೇ ಇಲ್ವಾ? ಶ್ರೀಮಂತ ದೇಶಗಳು ಇಂಥವರನ್ನೆಲ್ಲ ಕರೆಸಿಕೊಳ್ಳಬಾರದಾ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಕರೆಸಿಕೊಳ್ಳಬಹುದು, ಆದರೆ ಅದು ನಡೆಯುವುದು ತೀರಾ ಕಮ್ಮಿ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2024ರ ಕೊನೆಗೆ ಯುದ್ಧ, ಹಿಂಸೆಯಿಂದ ಮನೆ ಬಿಟ್ಟವರು 12 ಕೋಟಿಗೂ ಜಾಸ್ತಿ. ಅವರಲ್ಲಿ 7 ಕೋಟಿಗೂ ಹೆಚ್ಚು ಜನ ಸ್ವಂತ ದೇಶದೊಳಗೇ ಅಲೆಯುತ್ತಿದ್ದಾರೆ. ಗಡಿ ದಾಟಿದವರೂ ಹೆಚ್ಚಾಗಿ ನಿಲ್ಲುವುದು ಪಕ್ಕದ ದೇಶದಲ್ಲೇ. ಸುಡಾನಿನವರು ಚಾಡ್‌ಗೆ ಓಡಿದರು, ಮ್ಯಾನ್ಮಾರ್‌ನ ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ. ಶ್ರೀಮಂತ ದೇಶಗಳು ಆರಿಸಿ ಕರೆಸಿಕೊಂಡವರು ಆ ವರ್ಷ 2 ಲಕ್ಷವೂ ಇಲ್ಲ. ಮನಸ್ಸು ಮಾಡಿದರೆ ಆಗುತ್ತೆ ಅನ್ನುವುದಕ್ಕೂ ಉದಾಹರಣೆ ಇದೆ. ನೇಪಾಳದ ಕ್ಯಾಂಪ್‌ಗಳಲ್ಲಿದ್ದ ಭೂತಾನಿನ ಲಕ್ಷಕ್ಕೂ ಹೆಚ್ಚು ಜನ 2007ರ ನಂತರ ಅಮೆರಿಕ ಮತ್ತಿತರ ದೇಶಗಳಲ್ಲಿ ನೆಲೆ ಕಂಡರು.

ಊರಿಗೆ ಮರಳುವುದು ಇನ್ನೊಂದು ದಾರಿ. ಅಲ್ಲಿ ಜೀವಭಯ ಹೋಗಿರಬೇಕು, ಹೋಗುವವರೇ ಒಪ್ಪಿರಬೇಕು. ಟಿಬೆಟ್‌ನ ವಿಷಯದಲ್ಲಿ ಅದು ಸದ್ಯಕ್ಕೆ ದೂರದ ಮಾತು.

ಉಳಿಯುವುದು ಇರುವಲ್ಲೇ ಬೇರು ಬಿಡುವ ದಾರಿ. ನನ್ನ ಪ್ರಕಾರ ಹೆಚ್ಚಿನವರಿಗೆ ಕೈಗೆಟಕುವುದು ಇದೇ. 1960ರ ದಶಕದ ಶುರುವಿನಲ್ಲಿ ಆಗಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಜಮೀನು ಕೊಟ್ಟಿತು. ಅವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ಶಾಲೆ ಕಟ್ಟಿದರು. ಆದರೆ ಕಾಗದದ ಮೇಲೆ ಅವರು ವಿದೇಶಿಯರೇ. ನೋಂದಣಿ ಪತ್ರವನ್ನು ಆಗಾಗ ನವೀಕರಿಸಬೇಕು.

ಆ ಹುಡುಗಿಗೆ ಒಂದು ವಿಷಯ ಉಪಯೋಗವಾಗಬಹುದು. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟಿಯನ್ನರಿಗೂ ಅನ್ವಯ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ಅವಳ ಅಪ್ಪನೋ ಅಮ್ಮನೋ ಹಾಗೆ ಹುಟ್ಟಿದ್ದು, ಅವಳು 2004ರ ಡಿಸೆಂಬರ್‌ಗೆ ಮೊದಲು ಹುಟ್ಟಿದ್ದರೆ ಅವಳೂ ಭಾರತೀಯಳೇ. ಜನನ ಪ್ರಮಾಣಪತ್ರ ಹಿಡಿದು ವಕೀಲರನ್ನು ಕಾಣಲಿ. ಬೇಕೋ ಬೇಡವೋ ಅವಳೇ ನಿರ್ಧರಿಸಲಿ. ಪೌರತ್ವ ಪಡೆದರೆ ಟಿಬೆಟ್ ಬಿಟ್ಟುಕೊಟ್ಟಂತೆ ಅನ್ನುವವರೂ ಇದ್ದಾರೆ, ಆ ನೋವನ್ನು ನಾವು ಗೌರವಿಸಬೇಕು.

ಬೆಂಗಳೂರಿನಲ್ಲಿ ಕಸ ಆಯ್ದು ಬದುಕುವ ರೋಹಿಂಗ್ಯಾ ಕುಟುಂಬಗಳಿಗೆ ಇಷ್ಟೂ ಇಲ್ಲ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಮ್ಮದೇ ನಿರಾಶ್ರಿತರ ಕಾನೂನೂ ಇಲ್ಲ. ಬದುಕುವ ಹಕ್ಕು ಪರದೇಶದವರಿಗೂ ಇದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಪೌರತ್ವದ ಮಾತು ಆಮೇಲಿರಲಿ. ದುಡಿಯಲು, ಮಕ್ಕಳನ್ನು ಶಾಲೆಗೆ ಕಳಿಸಲು ಎಲ್ಲ ನಿರಾಶ್ರಿತರಿಗೂ ಒಂದೇ ಬಗೆಯ ಕಾಗದ ಕೊಡುವ ಕಾನೂನನ್ನು ಸಂಸತ್ತು ಮಾಡಲೇಬೇಕು.