ಓದುಗರ ಪ್ರಶ್ನೆ, ನಮ್ಮ ಉತ್ತರ: ಭತ್ತದ ಚೀಲದಲ್ಲಿರುವ ನೀರಿನ ಬೆಲೆ

ಪ್ರಶ್ನೆ: ಕಾರಟಗಿಯ ಸಮೀಪ ನಮ್ಮದೊಂದು ಸಣ್ಣ ಅಕ್ಕಿ ಗಿರಣಿಯಿದೆ. ಪ್ರತಿ ವರ್ಷ ಸುಗ್ಗಿಯ ಕಾಲದಲ್ಲಿ ಬ್ಯಾಂಕಿನ ಸಾಲ ಪಡೆದು, ದಲಾಲರ ಮೂಲಕ ಆದಷ್ಟು ಭತ್ತವನ್ನು ಒಮ್ಮೆಗೇ ಕೊಂಡು ಗೋದಾಮು ತುಂಬಿಸಿಕೊಳ್ಳುತ್ತೇವೆ. ಸುತ್ತಲಿನ ಗಿರಣಿಗಳಿಗಿಂತ ಕಡಿಮೆ ದರಕ್ಕೇ ಕೊಂಡರೂ ವರ್ಷದ ಕೊನೆಗೆ ಲಾಭ ಕಾಣುತ್ತಿಲ್ಲ. ಖರೀದಿಯ ವಿಧಾನವನ್ನು ಬದಲಿಸಬೇಕೆ?
— ಗಿರಣಿ ಮಾಲೀಕರು, ಕೊಪ್ಪಳ ಜಿಲ್ಲೆ

ಉತ್ತರ: ಬದಲಿಸಬೇಕು. ಆದರೆ ಮೊದಲು ಬದಲಾಗಬೇಕಾದದ್ದು ದರವನ್ನು ನೋಡುವ ಬಗೆ. ತಾವು ಕೊಡುತ್ತಿರುವುದು 75 ಕೆ.ಜಿ. ಚೀಲದ ದರ, ತಮಗೆ ಬೇಕಿರುವುದು ಆ ಚೀಲದೊಳಗಿನ ಒಣ ಭತ್ತ. ಕೊಯ್ಲು ಯಂತ್ರಗಳು ಬಂದ ಮೇಲೆ ನಮ್ಮ ಭಾಗದ ಭತ್ತ ಗದ್ದೆಯಿಂದ ನೇರವಾಗಿ ಟ್ರ್ಯಾಕ್ಟರ್ ಏರುತ್ತಿದೆ. ಕೆಲವರು ರಸ್ತೆಯ ಬದಿಯಲ್ಲಿ ಹರವಿ ಎರಡು ಬಿಸಿಲು ಕೊಡುತ್ತಾರೆ, ಕೆಲವರು ಹಸಿಯಾಗಿಯೇ ಮಾರುತ್ತಾರೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದು ನೋಡಿ ಅಂದಾಜು ಮಾಡುವುದು ಸಾಲದು.

ಒಂದು ಉದಾಹರಣೆ ನೋಡೋಣ. ದರಗಳನ್ನು ಲೆಕ್ಕಕ್ಕಾಗಿ ಇಟ್ಟುಕೊಂಡಿದ್ದೇನೆ. ಶೇ 20ರಷ್ಟು ತೇವಾಂಶವಿರುವ ಭತ್ತ ಚೀಲಕ್ಕೆ 1,650 ರೂಪಾಯಿಗೆ ಸಿಗುತ್ತದೆ, ಶೇ 16ರಷ್ಟು ತೇವಾಂಶದ್ದು 1,720 ರೂಪಾಯಿಗೆ ಸಿಗುತ್ತದೆ ಎಂದುಕೊಳ್ಳಿ. ದಾಸ್ತಾನಿಗೆ ಯೋಗ್ಯವಾದ ಶೇ 14ಕ್ಕೆ ಇಳಿಸಿದಾಗ ಮೊದಲನೆಯ ಚೀಲದಲ್ಲಿ ಉಳಿಯುವುದು ಸುಮಾರು 69.8 ಕೆ.ಜಿ., ಎರಡನೆಯದರಲ್ಲಿ ಸುಮಾರು 73.3 ಕೆ.ಜಿ. ಹಾಗಾದರೆ 75 ಕೆ.ಜಿ. ಒಣ ಭತ್ತಕ್ಕೆ ತಾವು ನಿಜವಾಗಿ ತೆರುವ ಬೆಲೆ ಮೊದಲನೆಯದಕ್ಕೆ ಸುಮಾರು 1,774 ರೂಪಾಯಿ, ಎರಡನೆಯದಕ್ಕೆ ಸುಮಾರು 1,761 ರೂಪಾಯಿ. 70 ರೂಪಾಯಿ ಅಗ್ಗವೆಂದು ಕೊಂಡದ್ದು 13 ರೂಪಾಯಿ ದುಬಾರಿಯಾಯಿತು. ಒಣಗಿಸುವ ಕೂಲಿ, ಹಸಿ ಭತ್ತ ರಾಶಿಯಲ್ಲಿ ಬಿಸಿಯೇರಿ ಅಕ್ಕಿ ಹಳದಿಗಟ್ಟುವುದು, ಅವಸರದಲ್ಲಿ ಒಣಗಿಸಿದ್ದು ಗಿರಣಿಯಲ್ಲಿ ನುಚ್ಚಾಗುವುದು, ಇವೆಲ್ಲ ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ.

ಆದ್ದರಿಂದ ಒಳ್ಳೆಯದೊಂದು ತೇವಾಂಶ ಮಾಪಕವನ್ನು ತೂಕದ ಕಾಟಾದ ಪಕ್ಕದಲ್ಲಿಯೇ ಇಟ್ಟು, ಯಾವ ತೇವಾಂಶಕ್ಕೆ ಯಾವ ದರ ಎಂಬುದನ್ನು ರೈತರಿಗೂ ದಲಾಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆಯಿಸಿ, ಮಾಪಕದ ಅಂಕಿಯನ್ನು ಮಾರುವವರ ಕಣ್ಣೆದುರಿಗೇ ಓದಿಸಿರಿ. ಒಣಗಿಸಿ ತಂದವರಿಗೆ ಹೆಚ್ಚು ಕೊಡುವುದು ಇದರ ಮುಖ್ಯ ಭಾಗ. ಹಸಿ ಭತ್ತಕ್ಕೆ ದರ ಕಡಿತ ಮಾಡಿ, ಒಣ ಭತ್ತಕ್ಕೆ ಏನೂ ಸೇರಿಸದಿದ್ದರೆ ಎರಡು ದಿನ ಬಿಸಿಲಿನಲ್ಲಿ ಕಾಯ್ದ ರೈತನಿಗೆ ಅನ್ಯಾಯವಾಗುತ್ತದೆ, ಮುಂದಿನ ವರ್ಷ ಆತ ಒಣಗಿಸುವುದನ್ನೇ ಬಿಡುತ್ತಾನೆ.

ಇನ್ನು ಒಮ್ಮೆಗೇ ಕೊಳ್ಳುವ ವಿಷಯ. 1,750 ರೂಪಾಯಿಯ ಚೀಲವನ್ನು ಶೇ 10ರ ಬಡ್ಡಿಯ ಸಾಲದಲ್ಲಿ ಐದು ತಿಂಗಳು ಇಟ್ಟರೆ ಬಡ್ಡಿಯೇ ಸುಮಾರು 73 ರೂಪಾಯಿ. ಹಳೆಯ ಸೋನಾ ಮಸೂರಿ ಅಕ್ಕಿ ಉದುರುದುರಾಗಿ ಬೇಯುತ್ತದೆಂದು ಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ ಎಂಬುದು ನಿಜ. ಹಾಗೆ ಹಳೆಯದಾಗಿಸಲೆಂದೇ ಇಡುವ ದಾಸ್ತಾನು ವ್ಯಾಪಾರದ ಒಂದು ಭಾಗ. ಆದರೆ ಎಲ್ಲ ದಾಸ್ತಾನನ್ನೂ ಹಾಗೆ ಇಡಬೇಕಿಲ್ಲ. ಖಚಿತವಾಗಿರುವ ಬೇಡಿಕೆಗೆ ಬೇಕಾದಷ್ಟನ್ನು ಮತ್ತು ಹಳೆಯದಾಗಿಸಲು ಸ್ವಂತ ಹಣದಲ್ಲಿ ಇಡಬಹುದಾದಷ್ಟನ್ನು ಸುಗ್ಗಿಯಲ್ಲಿ ಕೊಂಡು, ಉಳಿದದ್ದನ್ನು ಹಂತ ಹಂತವಾಗಿ ಕೊಳ್ಳುವುದು ಲೇಸು.

ಆ ಹಂತಗಳನ್ನು ನಿರ್ಧರಿಸಲು ಮಾರುಕಟ್ಟೆಯ ವದಂತಿಗಿಂತ ಜಲಾಶಯದ ಮಟ್ಟ ಹೆಚ್ಚು ನಂಬಿಕೆಗೆ ಅರ್ಹ. ಸುಮಾರು 105 ಟಿಎಂಸಿ ಅಡಿ ಸಾಮರ್ಥ್ಯದ ತುಂಗಭದ್ರಾ ಜಲಾಶಯದಿಂದ ಬೇಸಿಗೆ ಬೆಳೆಗೆ ನೀರು ಬಿಡಬೇಕೇ ಬೇಡವೇ ಎಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ನೀರು ಬಿಡುವ ವರ್ಷ ಏಪ್ರಿಲ್–ಮೇ ಹೊತ್ತಿಗೆ ಮತ್ತೊಂದು ಸುಗ್ಗಿ ಬರುತ್ತದೆ, ಅವಸರದ ದಾಸ್ತಾನು ಬೇಕಾಗುವುದಿಲ್ಲ; ಬಿಡದ ವರ್ಷ ಮುಂಗಾರಿನ ಭತ್ತದಲ್ಲಿಯೇ ವರ್ಷ ಕಳೆಯಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ತುಂಬಿದ್ದ ನೀರನ್ನು ನದಿಗೆ ಹರಿಸಬೇಕಾಗಿ ಬಂದಾಗ, ಒಂದೇ ಅಚ್ಚುಕಟ್ಟನ್ನು ನಂಬಿ ಕುಳಿತ ಗಿರಣಿಗಳ ಸ್ಥಿತಿ ಎಷ್ಟು ಸೂಕ್ಷ್ಮವೆಂಬುದು ನಮಗೆಲ್ಲ ಅರಿವಾಯಿತು. ಕೃಷ್ಣಾ ಅಚ್ಚುಕಟ್ಟಿನ ಭತ್ತ ಕೊಳ್ಳಲು ರಾಯಚೂರು ಕಡೆಯ ಒಬ್ಬಿಬ್ಬರು ದಲಾಲರೊಂದಿಗೆ ಈಗಲೇ ಸಂಬಂಧ ಬೆಳೆಸಿಕೊಳ್ಳಿರಿ. ಸಾಗಣೆ ತುಸು ದುಬಾರಿಯಾದರೂ ಪ್ರತಿ ವರ್ಷ ಸ್ವಲ್ಪವಾದರೂ ಕೊಳ್ಳುತ್ತಿದ್ದರೆ ಮಾತ್ರ ಕೊರತೆಯ ವರ್ಷ ಅವರು ತಮ್ಮನ್ನು ನೆನೆಯುತ್ತಾರೆ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕ ನಡೆಸುತ್ತಿದ್ದೇನೆ. ಅಹಮದಾಬಾದಿನ ಹೊಸ ವ್ಯಾಪಾರಿಯೊಬ್ಬರು ನಮ್ಮ ಹಳೆಯ ವ್ಯಾಪಾರಿಗಿಂತ ಮೀಟರಿಗೆ 12 ರೂಪಾಯಿ ಕಡಿಮೆ ದರದಲ್ಲಿ ಡೆನಿಮ್ ಕೊಡುತ್ತೇನೆನ್ನುತ್ತಾರೆ. ಪೂರ್ತಿ ಅವರಿಗೇ ಕೊಡಲೆ?
— ಓದುಗರು, ಬಳ್ಳಾರಿ

ಉತ್ತರ: ಪೂರ್ತಿ ಕೊಡಬೇಡಿ. ಪ್ಯಾಂಟಿಗೆ ಒಂದೂಕಾಲು ಮೀಟರ್ ಬಟ್ಟೆ ಎಂದಿಟ್ಟುಕೊಂಡರೆ ಉಳಿಯುವುದು 15 ರೂಪಾಯಿ. ಸಾವಿರ ಪ್ಯಾಂಟಿಗೆ 15,000 ರೂಪಾಯಿ. ತಯಾರಿಕೆಗೆ 400 ರೂಪಾಯಿ ತಗಲುವ ಪ್ಯಾಂಟುಗಳಲ್ಲಿ ಬಣ್ಣದ ವ್ಯತ್ಯಾಸದಿಂದಲೋ ಕುಗ್ಗುವಿಕೆಯಿಂದಲೋ ಸಾವಿರಕ್ಕೆ 40 ತಿರಸ್ಕೃತವಾದರೂ ಸಾಕು, 16,000 ರೂಪಾಯಿ ಹೋಗುತ್ತದೆ. ಜೀನ್ಸ್ ವಹಿವಾಟಿನಲ್ಲಿ ಬಟ್ಟೆಯ ದೋಷ ಬಯಲಾಗುವುದು ಕತ್ತರಿಸಿ, ಹೊಲಿದು, ವಾಶಿಂಗ್ ಮುಗಿದ ಮೇಲೆ. ಅಷ್ಟರೊಳಗೆ ಅದರ ಮೇಲೆ ದಾರ, ಜಿಪ್, ಕೂಲಿ ಎಲ್ಲವೂ ಖರ್ಚಾಗಿರುತ್ತದೆ.

ಮೊದಲು ಸಣ್ಣದೊಂದು ಲಾಟ್ ತರಿಸಿರಿ. ಪ್ರತಿ ರೋಲಿನಿಂದ ಒಂದು ತುಂಡು ಕತ್ತರಿಸಿ, ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ 50 ಸೆಂಟಿಮೀಟರ್ ಗುರುತು ಹಾಕಿ, ತಮ್ಮ ಎಂದಿನ ವಾಶಿಂಗ್ ಘಟಕದಲ್ಲಿಯೇ ತೊಳೆಸಿ ಮತ್ತೆ ಅಳೆಯಿರಿ; ಎಲ್ಲ ತುಂಡುಗಳನ್ನೂ ಹಗಲು ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ಬಣ್ಣ ಹೋಲಿಸಿರಿ. ಎರಡು ಮೂರು ಲಾಟ್ ಹೀಗೆ ತೇರ್ಗಡೆಯಾದರೆ ಖರೀದಿಯ ಮೂರನೆಯ ಒಂದು ಭಾಗವನ್ನು ಹೊಸಬರಿಗೆ ಕೊಡಬಹುದು.

ಬಟ್ಟೆ ಸಾವಿರ ಕಿಲೋಮೀಟರಿಗೂ ದೂರದಿಂದ ಲಾರಿಯಲ್ಲಿ ಬರಬೇಕು ಎಂಬುದನ್ನೂ ಮರೆಯಬಾರದು. ಸಾಮಾನ್ಯವಾಗಿ 8 ದಿನಕ್ಕೆ ಬರುವ ಸರಕು ಒಮ್ಮೊಮ್ಮೆ 14 ದಿನ ತೆಗೆದುಕೊಳ್ಳುವುದಾದರೆ, ದಿನಕ್ಕೆ 150 ಮೀಟರ್ ಬಳಸುವ ಘಟಕ 2,100 ಮೀಟರ್ ಉಳಿದಿರುವಾಗಲೇ ಮುಂದಿನ ಆರ್ಡರ್ ಕೊಡಬೇಕು. ಜಿಪ್ ಮತ್ತು ಗುಂಡಿಗಳ ವಿಷಯದಲ್ಲಿ ದರಕ್ಕೆ ಹೆಚ್ಚು ಚೌಕಾಸಿ ಬೇಡ, ದಾಸ್ತಾನು ಧಾರಾಳವಾಗಿರಲಿ. ಅವುಗಳ ಬೆಲೆ ಸಣ್ಣದು, ಆದರೆ ಒಂದು ಜಿಪ್ ಇಲ್ಲದೆ ಪ್ಯಾಂಟ್ ಹೊರಗೆ ಹೋಗುವುದಿಲ್ಲ.

ಪ್ರಶ್ನೆ: ನಾವು ರಾಯಚೂರಿನಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸಿ ದೊಡ್ಡ ಕಂಪನಿಯೊಂದಕ್ಕೆ ಪೂರೈಸುತ್ತೇವೆ. ಹಣ ನೂರು ದಿನವಾದರೂ ಬರುವುದಿಲ್ಲ. ಕಾನೂನಿನ ಆಸರೆ ಇದೆಯೆ?
— ಓದುಗರು, ರಾಯಚೂರು

ಉತ್ತರ: ಇದೆ. ತಾವು ಕೇಂದ್ರ ಸರ್ಕಾರ ಸಣ್ಣ ಉದ್ದಿಮೆಗಳಿಗೆ ಕೊಡುವ ಉದ್ಯಮ್ ನೋಂದಣಿ ಪಡೆದ ಅತಿಸಣ್ಣ ಅಥವಾ ಸಣ್ಣ ತಯಾರಕರಾಗಿದ್ದರೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿಲ್ಲದಿದ್ದಾಗ 15 ದಿನಗಳೊಳಗೆ, ಒಪ್ಪಂದವಿದ್ದಾಗಲೂ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳ ಚಕ್ರಬಡ್ಡಿಯಂತೆ, ಕೊಳ್ಳುವವರು ತೆರಬೇಕು. ಸರಕನ್ನು ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಈ ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸುವವರೆಗೆ ಕೊಳ್ಳುವವರು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದರಿಂದ, ಮಾರ್ಚ್ ತಿಂಗಳಲ್ಲಿ ತಮ್ಮ ಮಾತಿಗೆ ಕಂಪನಿಯ ಲೆಕ್ಕಪತ್ರ ವಿಭಾಗದವರು ಹೆಚ್ಚು ಕಿವಿಗೊಡುತ್ತಾರೆ.

ದೂರು ಕೊಟ್ಟರೆ ಗಿರಾಕಿ ಕೈತಪ್ಪಬಹುದೆಂಬ ಅಳುಕು ತಮಗಿದ್ದರೆ ಅದು ಸಹಜವಾದದ್ದು. ಆದ್ದರಿಂದ ಮೊದಲು ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ಸಂಖ್ಯೆಯನ್ನೂ ಪಾವತಿಯ ಕೊನೆಯ ದಿನಾಂಕವನ್ನೂ ಮುದ್ರಿಸಿರಿ. ಕಂಪನಿಯ ವಹಿವಾಟು 250 ಕೋಟಿ ರೂಪಾಯಿ ಮೀರಿದ್ದರೆ ಅದು ಟ್ರೆಡ್ಸ್ ಎಂಬ, ಬಾಕಿ ಬಿಲ್ಲುಗಳ ಮೇಲೆ ಹಣ ಒದಗಿಸುವ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಅವರು ಅಲ್ಲಿ ತಮ್ಮ ಬಿಲ್ಲನ್ನು ಒಪ್ಪಿದರೆ ಬ್ಯಾಂಕುಗಳು ಸಣ್ಣ ಕಡಿತ ಹಿಡಿದು ತಮಗೆ ಬೇಗನೆ ಹಣ ಕೊಡುತ್ತವೆ. ಅದಕ್ಕೂ ಅವರು ಒಪ್ಪದಿದ್ದರೆ ಮಾತ್ರ, ಇಂಥ ಬಾಕಿಯ ವ್ಯಾಜ್ಯಗಳನ್ನು ಬಗೆಹರಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಸಲ್ಲಿಸಿರಿ. ಅದರ ತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾದರೆ ಕಂಪನಿಯು ತೀರ್ಪಿನ ಮೊತ್ತದ ಶೇ 75ರಷ್ಟನ್ನು ಮೊದಲೇ ಠೇವಣಿ ಇಡಬೇಕಾಗುತ್ತದೆ.